ದೊರೆಯ ಕನ್ನಡಕಕ್ಕೆ ಸಾದಿನ ಬೊಟ್ಟು

ಹೋದ ತಿಂಗಳು ಬಂಗಾರಪೇಟೆಯಲ್ಲಿ ಕಣ್ಣಿನ ಶಿಬಿರ ನಡೆಯಿತು. ಮಗಳ ಬಲವಂತಕ್ಕೆ ಹೋಗಿ ಬೆಂಚಿನ ಮೇಲೆ ಕೂತೆ. ಮೊಮ್ಮಗಳ ವಯಸ್ಸಿನ ಹುಡುಗಿಯೊಬ್ಬಳು ಬಂದು ನನ್ನ ಎಡಗಣ್ಣಿಗೆ ಕಪ್ಪು ರಟ್ಟು ಹಿಡಿದಳು. "ತಾತಾ, ಆ ಬೋರ್ಡನ್ನೇ ನೋಡಿ, ಬೇರೆ ಕಡೆ ನೋಡಬೇಡಿ" ಅಂದಳು. ಅಷ್ಟೇ. ಅಕ್ಷರ ಓದುವುದು ಬಿಟ್ಟು ಹೊರಗೆ ಬಂದು ಚರಂಡಿಗೆ ಉಗಿದೆ. ಮಗಳು ಓಡಿ ಬಂದು "ತಲೆ ತಿರುಗ್ತಾ ಅಪ್ಪ?" ಎಂದು ಕೇಳಿದಳು. ತಲೆಗೇನೂ ಆಗಿರಲಿಲ್ಲ. ಎಡಗಣ್ಣಿಗೊಂದು ಮರೆ ಇಟ್ಟು, ಅದನ್ನೇ ನೋಡು, ಬೇರೆ ಕಡೆ ನೋಡಬೇಡ ಎಂಬ ಮಾತನ್ನು ನಾನೂ ಒಬ್ಬನಿಗೆ ಒಂದು ಚಳಿಗಾಲ ಪೂರ್ತಿ ಹೇಳಿಕೊಟ್ಟಿದ್ದೆ. ಐವತ್ತರ ದಶಕ ಮುಗಿಯುತ್ತಿದ್ದ ಕಾಲ ಅದು. ನೆನೆಸಿಕೊಂಡರೆ ಇವತ್ತಿಗೂ ಮೈಮೇಲೆ ಜಿರಲೆ ಹರಿದ ಹಾಗಾಗುತ್ತದೆ.

ಆಗ ನಾನೂ ನಮ್ಮಣ್ಣ ಮುನಿಸ್ವಾಮಿಯೂ ಚಿನ್ನದ ಗಣಿಯಲ್ಲಿ ಕೆಲಸಕ್ಕಿದ್ದೆವು. ಊರು ಬೇತಮಂಗಲದ ಹತ್ತಿರದ ಒಂದು ಹಳ್ಳಿ. ಹೊಲ ಇದೆ ಅಂತ ಹೇಳಿಕೊಳ್ಳಲು ಇತ್ತು, ಉಣ್ಣಲು ಸಾಲುತ್ತಿರಲಿಲ್ಲ. ಅಣ್ಣ ಮೊದಲು ಬಂದು ಗುಂಡಿ ಇಳಿದ. ಗಣಿಗೆ ಇಳಿಯುವುದನ್ನು ನಮ್ಮ ಕಡೆ ಹಾಗೇ ಅನ್ನುವುದು. ಅಪ್ಪ ತೀರಿಕೊಂಡ ಮೇಲೆ ನನ್ನನ್ನೂ ಕರೆಸಿಕೊಂಡ. ಕೂಲಿ ಲೈನಿನ ಒಂದೇ ಕೋಣೆಯ ಮನೆಯಲ್ಲಿ ಅಣ್ಣ, ಅತ್ತಿಗೆ, ಅವರ ಎಂಟು ತಿಂಗಳ ಹೆಣ್ಣುಮಗು, ನಾನು. ನಾನು ಕೆಳಗೆ ಕಲ್ಲು ತುಂಬಿದ ಗಾಡಿ ತಳ್ಳುತ್ತಿದ್ದೆ. ಅಣ್ಣ ಬಂಡೆಗೆ ತೂತು ಕೊರೆಯುವ ಮಿಷನ್ನು ಹಿಡಿಯುತ್ತಿದ್ದ. ಆ ಮಿಷನ್ನು ಹಾರಿಸುವ ಧೂಳನ್ನು ಏಳು ವರ್ಷ ನುಂಗಿದ್ದ. ಆ ವರ್ಷ ದೀಪಾವಳಿ ಕಳೆಯುವ ಹೊತ್ತಿಗೆ ಅವನ ಕೆಮ್ಮು ಗೋಡೆಯಾಚೆಯ ಮನೆಯವರಿಗೂ ಅಭ್ಯಾಸವಾಗಿಬಿಟ್ಟಿತ್ತು. ಆಸ್ಪತ್ರೆಯ ಡಾಕ್ಟರು ಎದೆಗೆ ಕೊಳವೆ ಇಟ್ಟು ಕೇಳಿ, "ಇವನನ್ನು ಮೇಲಿನ ಕೆಲಸಕ್ಕೆ ಹಾಕಿಸಿಕೊಳ್ಳಿ, ಕೆಳಗೆ ಇಳಿದರೆ ಉಳಿಯಲ್ಲ" ಎಂದು ನನ್ನನ್ನು ಪಕ್ಕಕ್ಕೆ ಕರೆದು ಹೇಳಿದರು. ಮೇಲೆ ಹಾಕಿಸುವುದೇನು ಸುಲಭವೇ? ಅದಕ್ಕೆ ನಮ್ಮ ಶಾಫ್ಟಿನ, ಅಂದರೆ ನಾವು ಇಳಿಯುವ ಬಾವಿಯ, ಸಾಹೇಬರು ಸಹಿ ಹಾಕಬೇಕು. ಆ ಸಾಹೇಬರೇ ಶ್ರೀಕಂಠಯ್ಯ.

ಬಿಳಿಯರು ಒಬ್ಬೊಬ್ಬರಾಗಿ ಹಡಗು ಹತ್ತಿದ ಮೇಲೆ ಅವರ ಕುರ್ಚಿಯಲ್ಲಿ ಕೂತವರು ಈ ಶ್ರೀಕಂಠಯ್ಯ. ಕುರ್ಚಿಯ ಜೊತೆಗೆ ಬಿಳಿಯರ ಚಡ್ಡಿ, ಬಿಳಿಯರ ಟೋಪಿ, ಬಿಳಿಯರ ಬೈಗುಳ ಎಲ್ಲವನ್ನೂ ಮೈಗೆ ಹತ್ತಿಸಿಕೊಂಡಿದ್ದರು. ನಾವು ದೊರೆ ಅನ್ನಬೇಕು. ಸಾರ್ ಅಂದರೆ ಮುಖ ಗಂಟಿಕ್ಕುತ್ತಿದ್ದರು. ಮಾತಾಡುವಾಗ ನಮ್ಮ ಮುಖ ನೋಡುತ್ತಿರಲಿಲ್ಲ, ನಮ್ಮ ತಲೆಯ ಮೇಲೆ ಏನೋ ಹಾರುತ್ತಿರುವ ಹಾಗೆ ನೋಡುತ್ತಿದ್ದರು. ಊಟವಾದ ಮೇಲೆ ಹಲ್ಲಿನ ಸಂದಿಗೆ ಕಡ್ಡಿ ಹಾಕಿ ಕೆದಕಿ, ಸಿಕ್ಕಿದ್ದನ್ನು ಒಮ್ಮೆ ನೋಡಿ ಎದುರಿಗಿದ್ದವರ ಕಡೆ ಚಿಮ್ಮುತ್ತಿದ್ದರು. ಥೂ, ಆ ಕಡ್ಡಿ ಈಗಲೂ ನನ್ನ ಕಣ್ಣ ಮುಂದಿದೆ.

ಸಾಹೇಬರುಗಳಿಗೆ ಭಾನುವಾರ ಕೋವಿಯಾಟ. ಅರೆದ ಕಲ್ಲಿನ ಪುಡಿಯನ್ನು ಸುರಿದು ಸುರಿದು ಬೆಟ್ಟವಾಗಿದ್ದ ಬಿಳಿ ದಿಬ್ಬದ ಕೆಳಗೆ ಒಂದು ಬಯಲಿತ್ತು. ಅಲ್ಲಿ ತಟ್ಟೆಯಗಲದ ಮಣ್ಣಿನ ಬಿಲ್ಲೆಗಳನ್ನು ಸ್ಪ್ರಿಂಗಿನ ಯಂತ್ರದಿಂದ ಗಾಳಿಗೆ ಎಸೆಯುವುದು, ಸಾಹೇಬರು ಜೋಡುನಳಿಗೆ ಕೋವಿಯಿಂದ ಅದನ್ನು ಹೊಡೆಯುವುದು. ಯಂತ್ರ ಎಳೆಯಲು ನಾನು ಮತ್ತು ನನ್ನ ಜೊತೆ ಗಾಡಿ ತಳ್ಳುವ ಆರ್ಮುಗಂ. ವಾರವಿಡೀ ಕತ್ತಲಲ್ಲಿ ಗಾಡಿ ತಳ್ಳುವವನಿಗೆ ಬಿಸಿಲಿನಲ್ಲಿ ಕೂರುವುದೇ ಒಂದು ಸುಖ, ಅದಕ್ಕೇ ಹೋಗುತ್ತಿದ್ದೆ. ಮಾಘದಲ್ಲಿ ಪಂದ್ಯ, ಗೆದ್ದವರಿಗೆ ಬೆಳ್ಳಿ ಬಟ್ಟಲು. ಶ್ರೀಕಂಠಯ್ಯನವರಿಗೆ ಆ ಬಟ್ಟಲಿನ ಮೇಲೆ ಪ್ರಾಣ. ಆದರೆ ಬಿಲ್ಲೆ ಹೊಡೆಯುವುದಿರಲಿ, ಅದಕ್ಕೆ ಗಾಳಿ ಕೂಡ ಸೋಕಿಸಲು ಅವರಿಂದ ಆಗುತ್ತಿರಲಿಲ್ಲ. ಒಂದು ಭಾನುವಾರ ಸಾಲಾಗಿ ಎಂಟು ಗುಂಡಿನ ತೋಟಾ ಹಾಳು ಮಾಡಿದರು. ನಾನು ನಕ್ಕೆನೋ ಏನೋ.

"ಏನಯ್ಯಾ, ಹಲ್ಲು ಬಿಡ್ತೀಯಾ?"

"ಇಲ್ಲ ದೊರೆ. ನೀವು ನಳಿಗೆ ತುದಿ ಗುರಿಮಣಿ ನೋಡ್ತಾ ಇದೀರಾ. ಅದಕ್ಕೇ ಗುಂಡು ಇಂದೆ ಓಗ್ತಾ ಅದೆ."

ಆರ್ಮುಗಂ ನನ್ನ ಪಕ್ಕೆಗೆ ತಿವಿದ. "ಡೇಯ್, ಸುಮ್ನಿರುಡಾ" ಅಂದ. ಆದರೆ ದೊರೆ ಬೈಯಲಿಲ್ಲ. ಮೊದಲ ಸಲ ನನ್ನ ಮುಖವನ್ನು ನೋಡಿದರು.

ನನಗೆ ಇದು ಗೊತ್ತಿದ್ದದ್ದು ಸೋದರಮಾವನಿಂದ. ಕಾಮಸಮುದ್ರದ ಕಡೆ ಅವನ ಕಡಲೆಕಾಯಿ ಹೊಲಕ್ಕೆ ಕಾಡುಹಂದಿ ನುಗ್ಗುತ್ತಿದ್ದವು. ಲೈಸೆನ್ಸಿನ ಕೋವಿ ಇಟ್ಟುಕೊಂಡಿದ್ದ. ಗೌಜಲಹಕ್ಕಿ ಬುರ್ರೆಂದು ಎದ್ದರೆ ಕೋವಿ ಹೆಗಲಿಗೆ ಏರುವುದರೊಳಗೆ ಹಕ್ಕಿ ಬಿದ್ದಿರುತ್ತಿತ್ತು. ಮಾವ ಹೇಳುತ್ತಿದ್ದ: "ಮುದ್ದೆ ಮುರ್ದು ಬಾಯಿಗಿಡ್ವಾಗ ಕೈ ನೋಡ್ತೀಯೇನ್ಲಾ? ಅಂಗೇ ಇದೂ. ಕೋವಿ ನೋಡ್ಬೇಡ, ಅಕ್ಕಿ ನೋಡು. ಅಕ್ಕೀನೂ ಪೂರ್ತಿ ನೋಡ್ಬೇಡ, ಅದರ ಕೊಕ್ಕು ನೋಡು. ಎರಡು ಕಣ್ಣೂ ಬಿಟ್ಟಿರು. ಕೋವಿ ತಾನೇ ಓಗ್ತದೆ." ನಿಜ ಅದು. ಕಣ್ಣು ಹಕ್ಕಿಯನ್ನು ಬಿಟ್ಟು ನಳಿಗೆಯ ತುದಿಗೆ ಬಂತೋ, ಕೈ ಅರೆಗಳಿಗೆ ನಿಂತುಬಿಡುತ್ತದೆ. ಹಕ್ಕಿ ನಿಲ್ಲುವುದಿಲ್ಲವಲ್ಲ? ಗುಂಡು ಅದರ ಬಾಲದ ಹಿಂದೆ ಹೋಗುತ್ತದೆ. ಗುಂಡು ಹಾರಿದ ಮೇಲೂ ಕೈ ಓಡುತ್ತಲೇ ಇರಬೇಕು, ಕಣ್ಣು ಅಂಟಿಕೊಂಡೇ ಇರಬೇಕು.

ದೊರೆಗೆ ಇಷ್ಟನ್ನೂ ಹೇಳಿದೆ. ನಂಬದೆ ಕೋವಿಯನ್ನು ನನ್ನ ಕೈಗೆ ಕೊಟ್ಟು "ಹೊಡಿ ನೋಡೋಣ" ಅಂದರು. ಅದೆಂಥ ಕೋವಿ! ಬಿಳಿಯರ ಸೀಮೆಯಿಂದ ಬಂದದ್ದು. ಕೈಗೆ ತೆಗೆದುಕೊಂಡರೆ ಭಾರವೇ ಗೊತ್ತಾಗದು, ಕೆನ್ನೆಗಿಟ್ಟರೆ ನನಗೇ ಅಳತೆ ತೆಗೆದು ಮಾಡಿಸಿದ ಹಾಗೆ. ಆರ್ಮುಗಂ ಎಳೆದ. ಬಿಲ್ಲೆಯ ಮುಂದಿನ ಅಂಚು ಮಾತ್ರ ನೋಡಿದೆ. ಬಿಲ್ಲೆ ಪುಡಿಯಾಯಿತು. ಎರಡನೆಯದೂ ಪುಡಿಯಾಯಿತು. ಸಾಹೇಬರುಗಳು "ಅರೆ!" ಅಂದರು. ಆ "ಅರೆ" ಕೇಳಿ ನನಗೆ ಎಷ್ಟು ಹಿಗ್ಗಾಯಿತೆಂದರೆ, ಹೇಳಿಕೊಳ್ಳಲು ಈಗ ನಾಚಿಕೆಯಾಗುತ್ತದೆ. ಮನೆಗೆ ಬರುವ ದಾರಿಯುದ್ದಕ್ಕೂ ಎರಡು ಕೈಯನ್ನೂ ಗಾಳಿಯಲ್ಲಿ ಕೋವಿ ಹಿಡಿದ ಹಾಗೆ ಆಡಿಸುತ್ತಾ ಬಂದೆ.

ಮರುವಾರ ದೊರೆ ನನ್ನನ್ನು ಬಂಗಲೆಗೆ ಕರೆಸಿದರು. ಪಂದ್ಯದವರೆಗೆ ಬೆಳಗಿನ ಪಾಳಿ ಮುಗಿಸಿ ದಿನಾ ಸಂಜೆ ಬಂದು ಹೇಳಿಕೊಡಬೇಕು. ನಾನು ಧೈರ್ಯ ಮಾಡಿದೆ.

"ದೊರೆ, ನಮ್ಮಣ್ಣ ಮುನಿಸ್ವಾಮಿ ಅಂತ, ನಿಮ್ ಶಾಫ್ಟಿನಾಗೇ ಮಿಷನ್ ಇಡೀತಾನೆ. ಎದೆ ಓಗ್ಯದೆ. ಡಾಕ್ಟ್ರು ಮೇಲಕ್ಕೆ ಆಕ್ಸು ಅಂದವ್ರೆ."

ದೊರೆ ಕೋವಿಯ ನಳಿಗೆಯನ್ನು ಬೆಳಕಿಗೆ ಹಿಡಿದು ಒಳಗೆ ಇಣುಕುತ್ತಿದ್ದರು. "ಬಟ್ಟಲು ಬರಲಿ, ನೋಡೋಣ. ಮೇಲಿನ ಉಗ್ರಾಣದಲ್ಲಿ ಒಂದು ಜಾಗ ಖಾಲಿ ಬೀಳುತ್ತೆ" ಅಂದರು. ಮನೆಗೆ ಬಂದು ಹೇಳಿದಾಗ ಅಣ್ಣ ಮಗುವನ್ನು ಎತ್ತಿ ನನ್ನ ತೊಡೆಯ ಮೇಲೆ ಕೂರಿಸಿದ. ಅತ್ತಿಗೆ ಅಂದು ತನ್ನ ಪಾಲಿನ ಉಪ್ಪುಮೀನನ್ನೂ ನನ್ನ ತಟ್ಟೆಗೇ ಹಾಕಿದಳು.

ಇನ್ನೊಂದು ವಿಷಯವನ್ನೂ ಇಲ್ಲೇ ಹೇಳಿಬಿಡುತ್ತೇನೆ. ಬೂದಿಕೋಟೆಯಲ್ಲಿ ನನಗೊಂದು ಹೆಣ್ಣು ನೋಡಿದ್ದರು. ಹುಡುಗಿ ನನಗೆ ಬಹಳ ಹಿಡಿಸಿದ್ದಳು. ಅವಳ ಅಪ್ಪ ಮಾತ್ರ, "ಗುಂಡಿ ಇಳಿಯೋರಿಗೆ ಎಣ್ಣು ಕೊಡಲ್ಲ. ಮೇಲ್ಗಡೆ ಕೆಲಸ ಆದ್ರೆ ಬನ್ನಿ" ಎಂದು ಕಡ್ಡಿ ಮುರಿದ ಹಾಗೆ ಹೇಳಿ ಕಳಿಸಿದ್ದ. ಅಣ್ಣ ನನಗಿಂತ ಹೆಚ್ಚು ನೊಂದುಕೊಂಡಿದ್ದ.

ಪಾಠ ಶುರುವಾಯಿತು. ಮಣಿ ನೋಡುವ ಚಟವನ್ನು ಹದಿನೈದು ದಿನದಲ್ಲಿ ಬಿಡಿಸಿದೆ. ಆದರೂ ಗುಂಡು ಪ್ರತಿ ಸಲವೂ ಬಿಲ್ಲೆಯ ಎಡಕ್ಕೇ ಹೋಗುತ್ತಿತ್ತು. ದೊರೆ ಕೋವಿಯನ್ನು ಬೈದರು, ತೋಟಾವನ್ನು ಬೈದರು, ಆರ್ಮುಗಂನ ತಾಯಿಯನ್ನೂ ಬೈದರು. ಕೊನೆಗೆ ಮಾವ ಮಾಡುತ್ತಿದ್ದ ಪರೀಕ್ಷೆ ನೆನಪಾಯಿತು. ಆಗಿನ್ನೂ ನಡುವೆ ತೂತಿದ್ದ ತಾಮ್ರದ ಕಾಸು ಮನೆಗಳಲ್ಲಿ ಉಳಿದಿತ್ತು. ಒಂದನ್ನು ದೊರೆಯ ಕೈಗೆ ಕೊಟ್ಟು, ತೋಳು ಚಾಚಿ, ಎರಡು ಕಣ್ಣೂ ಬಿಟ್ಟು, ತೂತಿನಲ್ಲಿ ದೂರದ ಶಾಫ್ಟಿನ ಚಕ್ರ ನೋಡಲು ಹೇಳಿದೆ. "ಚಕ್ರ ಬಿಡದೆ ಕಾಸನ್ನ ಮೆಲ್ಲಗೆ ಮುಖದತ್ರ ತನ್ನಿ." ಕಾಸು ಬಂದು ಎಡಗಣ್ಣಿಗೆ ಕೂತಿತು. ಅಷ್ಟೇ ವಿಷಯ. ಮನುಷ್ಯನ ಎರಡು ಕಣ್ಣಲ್ಲಿ ಒಂದು ಯಜಮಾನ. ದೊರೆಗೆ ಎಡಗಣ್ಣು ಯಜಮಾನ, ಕೋವಿ ಮಾತ್ರ ಬಲ ಹೆಗಲಿಗೆ. ನೋಟ ಒಂದು ಕಡೆಯಿಂದ, ನಳಿಗೆ ಇನ್ನೊಂದು ಕಡೆಯಿಂದ.

ಎಡ ಹೆಗಲಿಗೆ ಕೋವಿ ಬದಲಾಯಿಸಿ ಅಂದರೆ ದೊರೆಗೆ ಅವಮಾನ. ಎಡಗಣ್ಣು ಮುಚ್ಚಿ ಅಂದರೆ ಬಿಲ್ಲೆ ಎಷ್ಟು ದೂರ ಇದೆ ಎಂಬುದೇ ತಿಳಿಯದು. ಆಗ ನನಗೆ ಹೊಳೆದದ್ದು ಸಾದು. ಮಕ್ಕಳಿಗೆ ದೃಷ್ಟಿಬೊಟ್ಟು ಇಡಲು ಸಬ್ಬಕ್ಕಿ ಕರಿಯಾಗುವಷ್ಟು ಹುರಿದು, ಕುದಿಸಿ, ತೆಂಗಿನ ಚಿಪ್ಪಿನಲ್ಲಿ ಒಣಗಿಸಿ ಇಟ್ಟುಕೊಂಡು, ಬೇಕಾದಾಗ ನೀರು ಸೋಕಿಸಿ ಹಚ್ಚುತ್ತಾರಲ್ಲ, ಅದು. ದೊರೆ ಯಾವಾಗಲೂ ಹಾಕುತ್ತಿದ್ದ ಕನ್ನಡಕದ ಎಡಗಾಜಿನಲ್ಲಿ ಸರಿಯಾದ ಜಾಗಕ್ಕೆ ಒಂದು ಬೊಟ್ಟು ಇಟ್ಟರೆ ಎಡಗಣ್ಣಿಗೆ ನಳಿಗೆ ಮಾತ್ರ ಕಾಣುವುದಿಲ್ಲ, ಮಿಕ್ಕಿದ್ದೆಲ್ಲ ಕಾಣುತ್ತದೆ. ಕೇಳಿದ್ದಕ್ಕೆ ಅತ್ತಿಗೆ ಬಿದ್ದು ಬಿದ್ದು ನಕ್ಕಳು.

"ನನ್ ಮಗಿನ ಸಾದು ಆ ದೊರೆ ಕನ್ನಡ್ಕಕ್ಕಾ? ಅವನ್ಗೆ ಯಾರ ಕಣ್ಣು ಬಿದ್ದಾತು ಮೈದ್ನಾ?" ಅಂದಳು. ಆಮೇಲೆ ಚಿಪ್ಪನ್ನೇ ಕೊಟ್ಟು, "ತಗಂಡೋಗು. ನಿಮ್ಮಣ್ಣ ಮೇಲಕ್ಕೆ ಬಂದ್ರೆ ಸಾಕು, ಇಂತಾ ಅತ್ತು ಚಿಪ್ಪು ಕಾಯ್ಸಿ ಕೊಡ್ತೀನಿ" ಅಂದಳು.

ಬೊಟ್ಟಿನ ಜಾಗ ಗುರುತಿಸಬೇಕಾದರೆ ದೊರೆ ಕೋವಿ ಏರಿಸಿ ನಿಲ್ಲಬೇಕು, ನಾನು ನಳಿಗೆಯ ಬಾಯಿಗೆ ಎದುರಾಗಿ ನಿಂತು ಅವರ ಎಡಗಣ್ಣನ್ನು ನೋಡಬೇಕು. ಕೋವಿ ಮಡಿಚಿ ಎರಡು ನಳಿಗೆಯೂ ಖಾಲಿ ಎಂದು ಎರಡೆರಡು ಸಲ ನೋಡಿದೆ. ಹೋಗಿ ನಿಂತೆ. ಬೆರಳಿನಲ್ಲಿ ಸಾದು ಹಿಡಿದು ಅವರ ಕಣ್ಣನ್ನೇ ನೋಡುತ್ತಿರುವಾಗ ಆ ಮನುಷ್ಯ ಕೋವಿಯ ಕುದುರೆ ಎಳೆದ. ಕಟಕ್ ಎಂದಿತು. ನನ್ನ ಪಂಚೆ ಒದ್ದೆಯಾಗದಿದ್ದದ್ದೇ ಹೆಚ್ಚು. ಉಳಿದ ಸಾಹೇಬರು ಹೊಟ್ಟೆ ಹಿಡಿದುಕೊಂಡು ನಕ್ಕರು. ದೊರೆ ಎಲ್ಲರಿಗಿಂತ ಜೋರಾಗಿ ನಕ್ಕರು. ನಾನೂ ನಕ್ಕೆ. ಅದೇ ನೋಡಿ, ನಾನೂ ನಕ್ಕೆ! ನಕ್ಕು, ಮೂಗಿನ ಪಕ್ಕಕ್ಕೆ, ಗಾಜಿನ ನಡುವಿಗಿಂತ ಸ್ವಲ್ಪ ಮೇಲೆ ಬೊಟ್ಟು ಇಟ್ಟೆ. ಮುಂದಿನ ಐದು ಬಿಲ್ಲೆಗಳಲ್ಲಿ ನಾಲ್ಕು ಪುಡಿಯಾದವು.

ಆಮೇಲೆ ದೊರೆಯನ್ನು ಹಿಡಿಯುವವರೇ ಇಲ್ಲ. ಸಂಕ್ರಾಂತಿ ಕಳೆದ ವಾರ ಜೀವ ಇರುವುದನ್ನು ಹೊಡೆದು ನೋಡಬೇಕೆಂದು ಬೇತಮಂಗಲದ ಕೆರೆಗೆ ಹೊರಟರು. ಚಳಿಗಾಲಕ್ಕೆ ಬಂದಿದ್ದ ಬಾತುಗಳು ನೀರಿನ ಮೇಲೆ ಗುಂಪುಗುಂಪಾಗಿ ಕೂತಿದ್ದವು. ತಿನ್ನುವುದಕ್ಕೆ ಎರಡು ಸಾಕಿತ್ತು. ತೋಟಾ ಮುಗಿಯುವವರೆಗೆ ಹೊಡೆದರು. ಬಿದ್ದವುಗಳಲ್ಲಿ ಅರ್ಧ ಸತ್ತಿರಲಿಲ್ಲ. ಒಂದೇ ರೆಕ್ಕೆಯಲ್ಲಿ ನೀರು ಬಡಿಯುತ್ತಾ ಸುತ್ತುತ್ತಿದ್ದವು. ಎದೆಮಟ್ಟ ನೀರಿಗೆ ನನ್ನನ್ನು ಇಳಿಸಿದರು. ನಾಲ್ಕು ತಂದೆ. "ಸಾಕು ಬಾ, ಕಾಫಿ ಆರುತ್ತೆ" ಎಂದು ಕರೆದರು. ಉಳಿದವು ಅಲ್ಲೇ ರಕ್ತ ಬಿಡುತ್ತಾ ತೇಲಿದವು. ನಮ್ಮ ಲೈನಿನ ನಲ್ಲಿಗೆ ಬರುವುದು ಅದೇ ಕೆರೆಯ ನೀರು. ನನ್ನ ಕುತ್ತಿಗೆಗೆ ಅಂಟಿದ್ದ ಪುಕ್ಕವನ್ನು ಕಿತ್ತು ಎಸೆದೆ. ದೊರೆ ಮಾತ್ರ ಜೊತೆಯವರಿಗೆ ಹೇಳುತ್ತಿದ್ದರು: "ಎಡಗಣ್ಣಿನ ವಿಷಯ ನಾನೇ ಕಂಡುಹಿಡಿದೆ. ಸ್ವಲ್ಪ ಯೋಚನೆ ಮಾಡಿದರೆ ಎಲ್ಲಾ ತಿಳಿಯುತ್ತೆ." ಕಂಡುಹಿಡಿದನಂತೆ! ನಾನು ಒದ್ದೆ ಪಂಚೆಯಲ್ಲಿ ಹಲ್ಲು ಕಟಕಟ ಅನ್ನಿಸುತ್ತಾ ಅವರ ಕಾಫಿಯ ಲೋಟ ತೊಳೆದೆ. ಅಣ್ಣನ ಮುಖ ನೆನೆಸಿಕೊಂಡು ತೊಳೆದೆ ಅಂತ ಆಗ ಅಂದುಕೊಂಡಿದ್ದೆ.

ಪಂದ್ಯದ ದಿನ ಬಿಸಿಲಿಗೆ ಗಾಳಿ ಎದ್ದು ದಿಬ್ಬದ ಬಿಳಿ ಧೂಳು ಬಯಲಿಗೆಲ್ಲ ಹರಡಿತು. ದೊರೆ ಬೆವರಿ ಬೆವರಿ ಗಾಜಿನ ಮೇಲಿನ ಸಾದು ಕರಗತೊಡಗಿತು. ಎರಡು ಸುತ್ತಿನ ನಡುವೆ ನನ್ನತ್ತ ಓಡಿ ಬಂದು ಕನ್ನಡಕ ಚಾಚಿದರು. ನೀರಿನ ಹೂಜಿ ದೂರದಲ್ಲಿತ್ತು. "ಉಗಿದು ಹಚ್ಚಯ್ಯಾ, ಬೇಗ!" ಅಂದರು. ಆ ಚಳಿಗಾಲದಲ್ಲಿ ನಾನು ಖುಷಿಯಿಂದ ಮಾಡಿದ ಕೆಲಸ ಅದೊಂದೇ. ಚೆನ್ನಾಗಿ ಉಗಿದೆ. ಬಟ್ಟಲು ಬಂತು. ಅದನ್ನು ಎತ್ತಿ ಹಿಡಿದು ಫೋಟೋಕ್ಕೆ ನಿಂತಾಗ ಕನ್ನಡಕದಿಂದ ಇಳಿದ ಕರಿ ಗೆರೆ ಕೆನ್ನೆಯುದ್ದಕ್ಕೂ ಇತ್ತು, ಹೇಳುವ ಧೈರ್ಯ ಯಾರಿಗೂ ಬರಲಿಲ್ಲ.

ಮರುದಿನ ಸಂಜೆ ಬಂಗಲೆಗೆ ಹೋದೆ. ಆ ದಿನದ್ದನ್ನು ಇದ್ದದ್ದು ಇದ್ದ ಹಾಗೆ ಬರೆಯುತ್ತೇನೆ, ಇಷ್ಟು ವರ್ಷ ಯಾರಿಗೂ ಹೇಳಿಲ್ಲ. ದೊರೆ ಜಗಲಿಯ ಮೇಲೆ ಕಾಲು ಚಾಚಿ ಕೂತಿದ್ದರು. ನಾನು ಬಾಯಿ ತೆರೆಯುವ ಮೊದಲೇ ಮೇಜಿನ ಮೇಲಿದ್ದ ಒಂದು ಕಾಗದ ಎಳೆದುಕೊಂಡು ಪೆನ್ನು ಬಿಚ್ಚಿದರು.

"ಉಗ್ರಾಣದ ಜಾಗ ಬಿದ್ದಿದೆ. ಒಂದೇ ಜಾಗ. ನೀನೇನೋ ಯಾರೋ ಅಣ್ಣ ಅಂತಿದ್ದೆ. ಹೆಸರು ಹೇಳು, ಬರೀತೀನಿ."

ಅಯ್ಯೋ, ಆ ಮನುಷ್ಯ ಮಾತು ಉಳಿಸಿಕೊಂಡರು! ಅಷ್ಟು ಹೇಸಿಗೆ ಹುಟ್ಟಿಸಿದವರು, ಆ ಒಂದು ಮಾತನ್ನು ಉಳಿಸಿಕೊಂಡರು. ಪೆನ್ನು ಕಾಗದದ ಮೇಲೆ ಕಾಯುತ್ತಿತ್ತು. ಮುನಿಸ್ವಾಮಿ ಅನ್ನುವುದಕ್ಕೆ ಎಷ್ಟು ಹೊತ್ತು ಬೇಕು? ನನಗೆ ಬೂದಿಕೋಟೆಯ ಹುಡುಗಿ ಕಂಡಳು. ನಾಳೆ ಬೆಳಿಗ್ಗೆ ನಮ್ಮನ್ನು ಗುಂಡಿಗೆ ಇಳಿಸುವ ತೊಟ್ಟಿಲು, ಅದರ ಕಬ್ಬಿಣದ ಬಾಗಿಲು ಕಂಡಿತು. ಅಣ್ಣನಿಗೆ ಹೇಗೂ ಎದೆ ಹೋಗಿಬಿಟ್ಟಿದೆ, ಮೇಲೆ ಬಂದರೆ ಅದೇನು ವಾಪಸು ಬರುತ್ತದಾ ಎಂಬ ಯೋಚನೆಯೂ ಬಂತು. ಹೌದು, ಅದೂ ಬಂತು. ನಾನು ಒಳಗೆ ಹೋದರೆ ಮುಂದೆ ಅಣ್ಣನನ್ನೂ ಎಳೆದುಕೊಳ್ಳಬಹುದು ಅಂತ ಒಂದು ನೆಪ ಕಟ್ಟಿಕೊಂಡೆ.

"ಬೇಗ ಹೇಳಯ್ಯಾ."

"ಎಂಕಟೇಶಪ್ಪ, ದೊರೆ" ಅಂದೆ. ಅದು ನನ್ನ ಹೆಸರು.

ದೊರೆ ಬರೆದರು, ಸಹಿ ಹಾಕಿದರು. ಅವರಿಗೆ ಅಣ್ಣ ಯಾರೋ ತಮ್ಮ ಯಾರೋ, ಎರಡೂ ಒಂದೇ.

ಲೈನಿಗೆ ಬಂದಾಗ ಅಣ್ಣ, ಅತ್ತಿಗೆ ಇಬ್ಬರೂ ಬಾಗಿಲಲ್ಲೇ ನಿಂತಿದ್ದರು. ದಾರಿಯಲ್ಲಿ ಸುಳ್ಳನ್ನು ಸಿದ್ಧಮಾಡಿಕೊಂಡೇ ಬಂದಿದ್ದೆ. "ನಿನ್ಗೆ ಕೊಡಕಿಲ್ಲ ಅಂದ್ಬುಟ್ಟ ಅಣ್ಣ. ಕೆಮ್ಮೋನು ಉಗ್ರಾಣಕ್ಕೆ ಬ್ಯಾಡ ಅಂದ. ನನ್ ಎಸರು ಬರ್ಕಂಡ" ಅಂದೆ. ಅತ್ತಿಗೆ ಮಗುವನ್ನು ಎತ್ತಿಕೊಂಡು ಒಳಗೆ ಹೋದಳು. ಅಣ್ಣ ನನ್ನ ಭುಜ ಹಿಡಿದು ಅಲ್ಲಾಡಿಸಿದ. "ಬುಡ್ಲಾ. ನೀನಾದ್ರೂ ಮೇಲ್ಗಡೆ ಬಿದ್ಯಲ್ಲ. ನಾಳೇನೇ ಬೂದಿಕೋಟೆಗೆ ಓಗ್ಬತ್ತೀನಿ" ಅಂದ. ಹೇಳಿದ ಹಾಗೇ ಹೋಗಿ ಬಂದ. ವೈಶಾಖದಲ್ಲಿ ನನ್ನ ಮದುವೆ. ಕೆಮ್ಮುತ್ತಾ, ನಿಂತು ಉಸಿರು ಹಿಡಿಯುತ್ತಾ, ನೆಂಟರಿಗೆ ಅನ್ನದ ಕುಕ್ಕೆ ಹೊತ್ತವನು ಅವನೇ.

ಮಳೆಗಾಲಕ್ಕೆ ದೊರೆಗೆ ಬೇರೆ ಕಡೆ ವರ್ಗವಾಯಿತು. ಬಟ್ಟಲನ್ನೂ ಕೋವಿಯನ್ನೂ ಕಟ್ಟಿಕೊಂಡು ಹೋದರು. ಬೀಳ್ಕೊಡುಗೆಗೆ ಇಡೀ ಪಾಳಿ ಸಾಲಾಗಿ ನಿಂತು ಕೈಮುಗಿಯಿತು, ಅಣ್ಣ ಒಬ್ಬ ಮುಗಿಯಲಿಲ್ಲ. ಅಷ್ಟು ಸಾಧು ಮನುಷ್ಯ, ಜೀಪು ಹೋದ ದಾರಿಗೆ ಎಲ್ಲರೆದುರು ಉಗಿದ. ಹೊಸ ಸಾಹೇಬರನ್ನು ಕೇಳುತ್ತೇನೆ ಎಂದು ನಾನು ಆರು ತಿಂಗಳು ಹೇಳಿದೆ. ಕೇಳಿದ್ದು ಒಂದು ಸಲ. ಆಗ ಜಾಗ ಇರಲಿಲ್ಲ.

ಅಣ್ಣ ಮತ್ತೆ ನಾಲ್ಕು ವರ್ಷ ಗುಂಡಿ ಇಳಿದ. ಆಮೇಲೆ ಕೆಲಸಕ್ಕೆ ಆಗುವುದಿಲ್ಲವೆಂದು ಗಣಿಯವರೇ ಮನೆಗೆ ಕಳಿಸಿದರು. ಊರಿಗೆ ಹೋದ. ಮಲಗಿದರೆ ಉಸಿರು ಕಟ್ಟುತ್ತಿತ್ತು. ಮಂಡಿಯ ಮೇಲೆ ದಿಂಬಿಟ್ಟು, ಅದರ ಮೇಲೆ ಬಗ್ಗಿ, ಹಗಲೆಲ್ಲ ಹಟ್ಟಿಯ ಬಿಸಿಲಿನಲ್ಲಿ ಕೂತಿರುತ್ತಿದ್ದ. ನಾನು ಭಾನುವಾರ ಬಸ್ಸು ಹತ್ತಿ ಹೋಗಿ ಬರುತ್ತಿದ್ದೆ. ಕೊನೆಯ ತಿಂಗಳಲ್ಲಿ ಒಂದು ದಿನ, ಅವನ ಬೆನ್ನು ನೀವುತ್ತಾ ಕೂತಿದ್ದಾಗ ಕೇಳಿದ.

"ಲೇ ಎಂಕ್ಟೇಸ, ಅವತ್ತು ಆ ದೊರೆ ನನ್ಮಗನ್ನ ಎಷ್ಟು ಸಲ ಕೇಳ್ದೆ?"

"ಮೂರು ಸಲ ಕೇಳ್ದೆ ಅಣ್ಣ."

"ಕಾಲೂ ಇಡ್ಕಂಡ್ಯಾ?"

"ಇಡ್ಕಂಡೆ."

ಅಣ್ಣ ದಿಂಬಿನ ಮೇಲೆ ಹಣೆಯಿಟ್ಟು ಉಸಿರು ಸಿಕ್ಕುವವರೆಗೆ ಕಾದ. ಆಮೇಲೆ ನನ್ನ ಕೈ ಎಳೆದುಕೊಂಡು ತನ್ನ ಎರಡು ಅಂಗೈ ನಡುವೆ ಇಟ್ಟುಕೊಂಡ.

"ಥೂ, ಅಂಥವನ ಕಾಲು ಇಡ್ಕಂಡ್ಯಲ್ಲೋ ನನ್ಗೋಸ್ಕರ" ಎಂದು ಅತ್ತ. ನಾನು ಇನ್ನೊಂದು ಕೈಯಲ್ಲಿ ಅವನ ಬೆನ್ನು ನೀವುತ್ತಲೇ ಇದ್ದೆ.